ಖಾಲಿ ಗೂಡಿನ ಸುದ್ದಿ

ಕಾಡ್ಗಿಚ್ಚು ಆರಿದ ಮೇಲೆ ಬಸವನಹುಳು ಸುಟ್ಟ ಗೂಡುಗಳನ್ನು ಒಂದೊಂದಾಗಿ ನೋಡಿ ಎಣಿಸಿಕೊಂಡು, ನಾಲ್ಕನೆಯ ದಿನ ಸುಸ್ತಾಗಿ ಪ್ರಾಣಿಗಳ ಸಭೆಗೆ ಬಂದಿತು. ಅಷ್ಟರಲ್ಲಿ ಗಿಳಿ, ಸುಟ್ಟ ಕಾಡಿನತ್ತ ಸುಳಿಯದೆಯೇ, ಎಲ್ಲವನ್ನೂ ರಸವತ್ತಾಗಿ ಹೇಳಿ ಮುಗಿಸಿತ್ತು.

"ನಿನ್ನದು ಹಳಸಿದ ಸುದ್ದಿ," ಎನ್ನುತ್ತ ಪ್ರಾಣಿಗಳು ಎದ್ದು ಹೋದವು. ಗಿಳಿಯನ್ನು ಬಿಟ್ಟರೆ, ಕಾಲು ಸುಟ್ಟುಕೊಂಡ ಲಾವಕ್ಕಿಯೊಂದು ಮಾತ್ರ ಉಳಿಯಿತು.

"ಅಣ್ಣಾ, ಹುಣಸೆಮರದ ಬುಡದಲ್ಲಿ ನನ್ನ ಮರಿಯಿತ್ತು."

"ಅಮ್ಮಾ, ನಾನು ಹಾಯಾಗಿದ್ದೇನೆ," ಎಂದಿತು ಗಿಳಿ, ಥೇಟ್ ಮರಿಯ ದನಿಯಲ್ಲಿ.

ಲಾವಕ್ಕಿ ದನಿ ಬಂದತ್ತ ಥಟ್ಟನೆ ತಿರುಗಿತು. ಆದರೂ ಬಸವನಹುಳುವನ್ನೇ ಕೇಳಿತು: "ನೀನು ಹೇಳಣ್ಣಾ."

ಒಂದು ಸುಳ್ಳು ಹೇಳಿ ಮಲಗಿಬಿಡೋಣವೆನಿಸಿತು ಬಸವನಹುಳುವಿಗೆ. "ಗೂಡು ಖಾಲಿಯಿತ್ತು, ತಾಯಿ. ಮರಿ ಏನಾಯಿತೋ ನನಗೆ ಗೊತ್ತಿಲ್ಲ," ಎಂದು ಕೊನೆಗೆ ಕಂಡದ್ದನ್ನೇ ಹೇಳಿತು.

"ಇನ್ನೊಮ್ಮೆ ನೋಡಿ ಬರುವೆಯಾ?"

ಬಸವನಹುಳು ನಿಟ್ಟುಸಿರಿಟ್ಟು, ಮತ್ತೆ ಬೂದಿಯ ಕಡೆಗೆ ತಿರುಗಿತು.