ಪಾಚಿ ತಿನ್ನುವ ಮೀನು

ದಡದಿಂದ ದೋಣಿಯಲ್ಲಿ ಎರಡು ತಾಸು ಹೋದರೆ ಒಂದು ದ್ವೀಪ. ಅದರ ಮೇಲೊಂದು ಆಶ್ರಮ. ಅಲ್ಲಿದ್ದವರು ಇಬ್ಬರೇ: ಮುದಿ ಗುರುಗಳು, ಮತ್ತು ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟು ಬಂದ ಪರಮಯ್ಯ.

ನಾಳೆ ಬೆಳಗಾದರೆ ಪರಮಯ್ಯನಿಗೆ ಕಾವಿ. ಇಂದು ಅವನ ಹೆಂಡತಿ ಗುಲಾಬಿಯ ಅಣ್ಣ ಈರಯ್ಯ ದೋಣಿಯಿಂದ ಇಳಿದ.

"ಭಾವ ಅನ್ನಲೋ, ಸ್ವಾಮಿ ಅಂತ ಅಡ್ಡ ಬೀಳಲೋ? ಏನಾದರೂ ಇರಲಿ. ಗುಲಾಬಿ ಮೊನ್ನೆ ತೀರಿಕೊಂಡಳು. ಕೊಳ್ಳಿ ನಾನೇ ಇಟ್ಟೆ."

ಪರಮಯ್ಯ ನಿಂತಲ್ಲೇ ನಿಂತ. "ಏನಾಗಿತ್ತು?"

"ಜ್ವರ ಅಂದರು. ನೀನು ಹೊರಡುವಾಗ 'ಬರ್ತೇನೆ' ಅಂದಿದ್ದೆಯಂತೆ. ಎಲ್ಲರೂ ಅನ್ನುವ ಮಾತೇ. ಅವಳು ಅದನ್ನೇ ನೆಚ್ಚಿ ಕೂತಳು."

"ನನಗೇನಾದರೂ ಹೇಳಿದಳಾ?"

"ಇಲ್ಲ. ರಾತ್ರಿ ನಿನ್ನ ಪಾಲಿನ ಅನ್ನ ಎತ್ತಿಡುವಳು, ಬೆಳಿಗ್ಗೆ ತಾನೇ ತಿನ್ನುವಳು. ನಾಲ್ಕು ವರ್ಷ ತಂಗಳು."

ಈರಯ್ಯ ನೀರೂ ಕುಡಿಯದೆ ದೋಣಿ ಹತ್ತಿದ.

ಪರಮಯ್ಯ ಗುರುಗಳ ಮುಂದೆ ಕುಕ್ಕರಿಸಿದ.

"ಸ್ವಾಮಿ, ನನಗೆ ಸೂತಕ ಉಂಟೇ? ಉಂಟು ಅಂದರೆ ಹತ್ತು ದಿನ ಹಿಡಿಯುತ್ತೇನೆ, ಕಾವಿ ಮುಂದಕ್ಕೆ ಹೋಗಲಿ. ಇಲ್ಲ ಅಂದರೆ ಮಿಂದು ಊಟಕ್ಕೆ ಕೂರುತ್ತೇನೆ. ನೀವು ಹೇಳಿದ ಹಾಗೆ."

ಗುರುಗಳು ಕೇಳಿದ್ದೇ ಬೇರೆ. "ದಿನಾ ಮೀಯುವಾಗ ಒಂದು ಮೀನು ನೋಡುತ್ತೀಯಲ್ಲ. ಹೇಗಿದೆ ಅದು?"

ಇಂಥ ಹೊತ್ತಿನಲ್ಲಿ ಮೀನಿನ ಮಾತೇ ಎಂದು ಪರಮಯ್ಯನಿಗೆ ಅನ್ನಿಸಿತು. ಆದರೂ ಹೇಳಿದ.

"ತಟ್ಟೆಯ ಹಾಗೆ ಚಪ್ಪಟೆ. ಮೈ ನೀಲಿ, ಮುಖ ಕಪ್ಪು, ಬೆನ್ನಿನ ರೆಕ್ಕೆ ಅರಿಶಿನ. ಹವಳದ ಕಲ್ಲುಗಳ ಸಂದಿನಲ್ಲಿ ಅದರ ವಾಸ. ಬಾಯಿ ಇಷ್ಟೇ ಇಷ್ಟು; ಬೆಳಗಿನಿಂದ ಸಂಜೆಯವರೆಗೆ ಕಲ್ಲಿನ ಪಾಚಿ ಕೆರೆದು ತಿನ್ನುತ್ತದೆ. ತನ್ನ ಪಾಚಿಗೆ ಬೇರೆಯದು ಬಂದರೆ ಅಟ್ಟುತ್ತದೆ, ತಿನ್ನುವುದಿಲ್ಲ. ಹಾಗೆ ಬದುಕಬೇಕು ಎಂದೇ ಇಲ್ಲಿಗೆ ಬಂದವನು ನಾನು, ಸ್ವಾಮಿ. ಸೊಪ್ಪು ಗೆಡ್ಡೆ ತಿಂದೆ. ಯಾರಿಗೂ ಗಟ್ಟಿ ಮಾತು ಆಡಲಿಲ್ಲ. ಆದರೂ ಒಳಗೆ ಹೀಗೇಕೆ ಉರಿಯುತ್ತಿದೆ?"

"ಹಿಡಿದು ತಾ."

"ಅದನ್ನೇ?"

"ಪಾಚಿ ತಿನ್ನುವ ಸಾಧುವಲ್ಲವೇ. ಹೆದರಿಕೆ ಏಕೆ?"

ಕಡಲಿನ ಇಳಿತದ ಹೊತ್ತು. ಹವಳದ ಕಲ್ಲುಗಳ ನಡುವೆ ಸೊಂಟಮಟ್ಟ ನೀರು. ಮೀನು ಪಾಚಿಗೆ ಮುಖ ಕೊಟ್ಟಿತ್ತು. ಪರಮಯ್ಯ ಹಿಂದಿನಿಂದ ಮೆಲ್ಲಗೆ ಕೈ ಚಾಚಿ ಬಾಲದ ಬುಡ ಹಿಡಿದ.

ಮೀನು ಒಮ್ಮೆ ಬಾಲ ಕೊಡವಿತು, ಅಷ್ಟೇ. ನೀರು ಕೆಂಪಾಯಿತು. ಅಂಗೈ ಈ ತುದಿಯಿಂದ ಆ ತುದಿಗೆ ಸೀಳಿತ್ತು.

ಮೀನು ತಿರುಗಿಯೂ ನೋಡಲಿಲ್ಲ. ಮುಂದಿನ ಕಲ್ಲಿಗೆ ಹೋಗಿ ಪಾಚಿ ಕೆರೆಯತೊಡಗಿತು.

ಗುರುಗಳು ತಮ್ಮ ಕಾವಿಯ ಅಂಚು ಹರಿದು ಆ ಕೈಗೆ ಸುತ್ತಿದರು.

"ಕತ್ತಿ ಎಲ್ಲಿತ್ತು?"

"ಬಾಲದ ಬುಡದಲ್ಲಿ. ಚೂರಿ ಮಡಚಿಟ್ಟ ಹಾಗೆ ಮೈಯೊಳಗೆ ಅಡಗಿದೆ. ಬಾಲ ಕೊಂಕಿದರೆ ಬಿಚ್ಚಿಕೊಳ್ಳುತ್ತದೆ."

"ನಾಲ್ಕು ವರ್ಷ ಕಾಣಲಿಲ್ಲವೇ?"

"ಬಾಯಿ ನೋಡುತ್ತಿದ್ದೆ, ಸ್ವಾಮಿ."

"ಆ ಮೀನಿಗಾದರೂ ಕಂಡೀತೇ?"

"ಹೇಗೆ ಕಂಡೀತು? ಕತ್ತಿ ಹಿಂದಿದೆ, ಅದು ಮುಂದೆ ಹೋಗುತ್ತಿತ್ತು."

ಅಂದವನೇ ಪರಮಯ್ಯ ಕಡಲಿನತ್ತ ತಿರುಗಿದ. ಸುತ್ತಿದ ಬಟ್ಟೆ ತೊಯ್ದು ರಕ್ತ ತೊಟ್ಟಿಕ್ಕುತ್ತಿತ್ತು. ದೂರದಲ್ಲಿ ಈರಯ್ಯನ ದೋಣಿ ಚುಕ್ಕಿಯಾಗಿ, ಆಮೇಲೆ ಅದೂ ಇಲ್ಲವಾಯಿತು.

ಗುರುಗಳನ್ನು ಕೇಳಿದ: "ಈಗ ಊರಿಗೆ ಹೋಗಲೇ?"

"ಯಾರ ಬಳಿಗೆ?"

ಪರಮಯ್ಯ ಕೈಯ ಬಟ್ಟೆ ಬಿಗಿದುಕೊಂಡ.

"ಹಾಗಾದರೆ ಸೂತಕದ ಮಾತಾದರೂ ಹೇಳಿ. ನೀವೂ ಒಂದು ಮನೆ ಬಿಟ್ಟೇ ಬಂದವರು."

ಗುರುಗಳು ಕಡಲ ಕಡೆ ನೋಡುತ್ತ ಹೇಳಿದರು: "ನನಗೂ ಹೀಗೇ ಒಂದು ದೋಣಿ ಸುದ್ದಿ ತಂದಿತ್ತು, ನಲವತ್ತು ವರ್ಷದ ಹಿಂದೆ. ಸನ್ಯಾಸಿಗೆ ಸೂತಕವಿಲ್ಲ ಎಂದು ಮಿಂದು ಊಟಕ್ಕೆ ಕೂತೆ. ಆ ತುತ್ತು ಇನ್ನೂ ಗಂಟಲಿಳಿದಿಲ್ಲ."