ದಿಂಬಿನ ಮೇಲಿನ ಹಿರಿಯರು

ಮಣಿಪುರದ ಅರಸನೊಬ್ಬನಿಗೆ ಕುದುರೆಯ ಮೇಲೆ ಕೂತು ಚೆಂಡಾಡುವ ಹುಚ್ಚು. "ನನ್ನ ಕೋಲಿನ ಏಟು ಗುರಿ ತಪ್ಪಿದ್ದೇ ಇಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದ. ಒಂದು ದಿನ ಅವನು ಹೊಡೆದ ಚೆಂಡು ಹೋಗಿ ಬಯಲಂಚಿನ ಗುಡಿಸಲಿಗೆ ಬಡಿಯಿತು. ಅರಸನ ಗುರಿ ತಪ್ಪುವುದುಂಟೇ? ತಪ್ಪೆಲ್ಲ ಗುಡಿಸಲಿನದು!

"ನಾಳೆ ಬೆಳಗ್ಗೆ ಇದನ್ನು ಕೆಡವಿ" ಎಂದ.

ಅದು ನೇಯ್ಗೆಯ ಅಜ್ಜಿ ಥಂಬಾಲಳ ಮನೆ. ಪಾಪ, ಅವಳಿಗೆ ಬೇರೆ ಸೂರಿರಲಿಲ್ಲ. ಆಸ್ಥಾನದ ಜಾಣ ಲುಖೋಯ್ ಬಳಿಗೆ ಅಳುತ್ತಾ ಬಂದಳು.

"ಈ ವಯಸ್ಸಲ್ಲಿ ಎಲ್ಲಿಗೆ ಹೋಗಲಪ್ಪಾ?"

"ಎಲ್ಲಿಗೂ ಬೇಡ ಅಜ್ಜಿ. ಮನೆಯಲ್ಲಿ ಒಂದು ಒಳ್ಳೆಯ ದಿಂಬಿದೆಯಾ?"

"ಇದೆ. ಯಾಕೆ?"

"ನೆಂಟರು ಬರ್ತಾರೆ."

ಬೆಳಗಾಯಿತು. ಹಾರೆ ಹಿಡಿದು ಹೋದ ಭಟರು ಹೋದ ವೇಗದಲ್ಲೇ ಓಡಿ ಬಂದರು.

"ಪ್ರಭೂ, ಒಳಗೆ ದಿಂಬಿನ ಮೇಲೆ ಹಾವು ಕೂತಿದೆ!"

ಬೇರೆ ಊರಾಗಿದ್ದರೆ ಒಂದು ಕೋಲಿನಲ್ಲಿ ಮುಗಿಯುವ ಮಾತು. ಆದರೆ ಅಲ್ಲಿ ಅರಸುಮನೆತನದ ಮೂಲಪುರುಷ ಪಾಖಂಗ್ಬಾ ದೇವರು ಹಾವಾಗಿ ಬರುತ್ತಾನೆಂದು ನಂಬಿಕೆ. ಬಂದರೆ ದಿಂಬಿನ ಮೇಲೆ ಕೂರಿಸಿ ಕೈಮುಗಿಯಬೇಕು. ಹಾವು ಚಿಕ್ಕದಿದ್ದರೆ ದೇವರು ಪ್ರಸನ್ನನಾಗಿದ್ದಾನೆಂದು ಅರ್ಥ. ಸಿಟ್ಟು ಬಂದರೆ ಅವನು ಬೆಳೆಯುತ್ತಾ ಹೋಗುತ್ತಾನೆ.

ಅರಸನೇ ಬಂದ. ಅಡ್ಡಬಿದ್ದ. ಎದ್ದವನೇ ಲುಖೋಯ್‌ನನ್ನು ದುರುಗುಟ್ಟಿ ನೋಡಿದ.

"ನೀನೇ ತಂದು ಬಿಟ್ಟೆ ತಾನೇ?"

"ದೇವರನ್ನು ಹೊತ್ತು ತರುವಷ್ಟು ದೊಡ್ಡವನೇ ನಾನು, ಪ್ರಭೂ?"

ಅರಸ ಬಗ್ಗಿ ಹಾವನ್ನು ನೋಡಿದ. ಮುಖ ಅರಳಿತು.

"ಆಹಾ, ಬೆರಳು ಗಾತ್ರ! ಹಿರಿಯರು ಖುಷಿಯಾಗಿದ್ದಾರೆ. ಅಂದರೆ ನನ್ನ ಅಪ್ಪಣೆ ಅವರಿಗೂ ಒಪ್ಪಿಗೆ! ದಿಂಬಿನ ಸಮೇತ ಅವರನ್ನು ಅರಮನೆಗೆ ಕರೆದೊಯ್ಯಿರಿ. ಆಮೇಲೆ ಗುಡಿಸಲು ಕೆಡವಿ!"

ಅಜ್ಜಿ ಬಾಗಿಲ ಕಂಬ ತಬ್ಬಿಕೊಂಡಳು. ಲುಖೋಯ್ ಈ ಸಲ ಸೋತ ಎಂದು ಭಟರು ಮುಸಿಮುಸಿ ನಕ್ಕರು.

ಲುಖೋಯ್ ಮಾತ್ರ ತಲೆಬಾಗಿ ಕೇಳಿದ, "ಹಿರಿಯರನ್ನು ಅರಮನೆಯಲ್ಲಿ ಎಲ್ಲಿ ಇರಿಸಲಿ, ಪ್ರಭೂ?"

"ನಾನು ಮಲಗುವ ಕೋಣೆಯ ಪಕ್ಕದಲ್ಲೇ ಇರಲಿ."

"ಹಾಗಾದರೆ ಆ ಕೋಣೆಗೆ ಆನೆ ನುಗ್ಗುವಷ್ಟು ಅಗಲದ ಬಾಗಿಲು ಇಡಿಸುತ್ತೇನೆ."

"ತಲೆ ಕೆಟ್ಟಿದೆಯೇನೋ? ಬೆರಳು ಗಾತ್ರದ ಹಾವಿಗೆ ಅಷ್ಟಗಲದ ಬಾಗಿಲೇ?"

"ಈಗ ಬೆರಳು ಗಾತ್ರ, ಪ್ರಭೂ. ಅಜ್ಜಿಯ ಮನೆ ಇನ್ನೂ ನಿಂತಿದೆಯಲ್ಲ!"

ಅರಸ ಹಾವನ್ನೊಮ್ಮೆ ನೋಡಿದ, ಹಾರೆಗಳನ್ನೊಮ್ಮೆ ನೋಡಿದ. ಮೀಸೆ ಅದುರಿತು. ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಾರೆ ಬಿಸಾಕ್ರೋ! ಅಜ್ಜಿಯ ಮಾಡಿಗೆ ಹೊಸ ಹುಲ್ಲು ಹೊದಿಸಿ. ಲುಖೋಯ್, ಏನು ನಿಂತು ನೋಡ್ತೀಯ? ನೀನೂ ಹತ್ತು ಮೇಲೆ!"