ಗೆಣಸಿನ ತಲೆ

ಬೆಟ್ಟದ ಮಳೆ ಹೊತ್ತು ತಪ್ಪಿ ಮೂರು ವರ್ಷವಾಗಿತ್ತು. ಸೋಲಿಗರ ಕೇತಮ್ಮ ತನ್ನ ಅಗೆಯುವ ಕೋಲಿನಿಂದ ಕಾಡುಗೆಣಸು ಕಿತ್ತಳು. ಮೊಳೆಯುವ ತಲೆಯನ್ನು ಸೀಳಿ, ಒಂದು ಚೂರನ್ನು ಹಿರಿಯರ ಪದ್ಧತಿಯಂತೆ ಗುಂಡಿಯಲ್ಲೇ ಹೂತು, ಕೋಲನ್ನು ಮರಕ್ಕೊರಗಿಸಿ, ಉಳಿದ ಗೆಣಸು ತೊಳೆಯಲು ಹಳ್ಳಕ್ಕಿಳಿದಳು. ಮನೆಮಂದಿಗೆ ಅದು ಒಂದೊಂದೇ ತುತ್ತು.

ಹಸಿದ ಕಾಡುಹಂದಿ ಬಂದು ಕೇಳಿತು: "ಕೋಲಣ್ಣ, ತಿನ್ನೋದನ್ನು ಮಣ್ಣಿಗೆ ಹಾಕ್ತೀರಲ್ಲ, ಇನ್ನೂ ಮಳೆಯನ್ನು ನಂಬ್ತೀರಾ?"

"ನಂಬೋದಿಲ್ಲ," ಎಂದಿತು ಕೋಲು. "ನಂಬಿದ್ದ ಕಾಲದಲ್ಲಿ ಒಂದೇ ಕಡೆ ಹೂಳ್ತಿದ್ದೆವು. ಈಗ ತಲೆ ಸೀಳಿ ಎರಡು ಕಡೆ ಹೂಳ್ತೀವಿ."

ಹಂದಿ ಗುಂಡಿ ಕೆದರಿ, ಹೂತಿದ್ದ ಚೂರನ್ನು ತಿಂದು ಬಾಯಿ ಚಪ್ಪರಿಸಿತು. "ಇನ್ನೊಂದು ಎಲ್ಲಿ?"

"ಮಳೆಯನ್ನೇ ನಂಬದವರು ನಿನ್ನನ್ನು ನಂಬ್ತೀವಾ, ಹಂದಿಯಪ್ಪ? ಎರಡು ಕಡೆ ಹೂಳುವಾಗ ನಿನ್ನನ್ನೂ ನೆನೆದಿದ್ದೆವು."

ಹಂದಿ ಬೆಟ್ಟವೆಲ್ಲ ಕೆದರಿತು, ಸಿಗಲಿಲ್ಲ. ಮಳೆ ಬಂತು, ಬರಬಾರದ ತಿಂಗಳಲ್ಲಿ. ಹಂದಿಯ ಮೂತಿ ತೂರದ ಒಂದು ಬಂಡೆಸಂದಿಯಿಂದ ಬಳ್ಳಿ ಎದ್ದು ಮರ ಹತ್ತಿತು. ಮುಂದಿನ ವರ್ಷ ಕೇತಮ್ಮ ಕೋಲು ತೂರಿಸಿ ಆ ಗೆಣಸನ್ನು ಹೊರತೆಗೆದಳು. ಮನೆಯಲ್ಲಿ ಒಲೆ ಕಾಯುತ್ತಿತ್ತು. ಅವಳು ಮೊದಲು ಕೂತು ಅದರ ತಲೆಯನ್ನು ಮೂರು ಸೀಳು ಮಾಡಿದಳು.